ನೆಲಮಾಳಿಗೆಯಲ್ಲಿ ಸಿಳ್ಳೆ

ಎನೋಕ್ ಥ್ವೇಟ್ ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದವನು. ಮೊಣಕಾಲು ಕೈಕೊಟ್ಟ ಮೇಲೆ ಊರಿನ ಕಾಲೇಜಿನಲ್ಲಿ ನೆಲಮಾಳಿಗೆ ಗುಡಿಸುವ ಕೆಲಸಕ್ಕೆ ಸೇರಿದ. ಅದೂ ನೆಲದಡಿಯೇ. ಬಿಸಿಲು ಅವನ ಹಣೆಯಲ್ಲಿ ಬರೆದಿರಲಿಲ್ಲ.

ಆ ನೆಲಮಾಳಿಗೆಯಲ್ಲಿ ಪ್ರೊಫೆಸರ್ ಗಾರ್ಸೈಡ್ ಅವರ ಕತ್ತಲೆಕೋಣೆ ಇತ್ತು. ಭೌತವಿಜ್ಞಾನದಲ್ಲಿ ಅವರದು ಬಲು ದೊಡ್ಡ ಹೆಸರು; ಯಾವುದೋ ದೇಶದ ರಾಜ ಕೈಯಾರೆ ಪದಕ ತೊಡಿಸಿದ್ದ. ಆದರೆ ಅವರು ಮಾಡುತ್ತಿದ್ದ ಕೆಲಸ ನೋಡಿದರೆ ಯಾರಿಗಾದರೂ ನಗು ಬರಬೇಕು. ಚಿಟಿಕೆಯಷ್ಟು ರೇಡಿಯಂ, ಅದರ ಮುಂದೊಂದು ಲೋಹದ ತಗಡು, ತಗಡಿನಾಚೆ ಒಂದು ಪುಟ್ಟ ಪರದೆ. ರೇಡಿಯಂನಿಂದ ಹಾರಿದ ಕಣ ತಗಡು ದಾಟಿ ಪರದೆಗೆ ಬಡಿದರೆ ಸಾಸಿವೆ ಕಾಳಿಗಿಂತ ಸಣ್ಣದೊಂದು ಮಿಂಚು. ಕತ್ತಲಲ್ಲಿ ಕೂತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ನಿಮಿಷಕ್ಕೆ ಎಷ್ಟು ಮಿಂಚು ಎಂದು ಎಣಿಸಬೇಕು. ಅಷ್ಟೇ.

ಉಳಿದವರು ಅರ್ಧ ಗಂಟೆ ಸುಮ್ಮನೆ ಕೂತು ಕಣ್ಣನ್ನು ಕತ್ತಲೆಗೆ ಪಳಗಿಸಿಕೊಳ್ಳಬೇಕಿತ್ತು. ಎನೋಕನ ಕಣ್ಣು ಎಂದೋ ಪಳಗಿತ್ತು. ವಿದ್ಯಾರ್ಥಿಗಳು ಎಂಟು ಎಂದ ಕಡೆ ಅವನು ಒಮ್ಮೆ ಇಣುಕಿ, "ಹನ್ನೊಂದಲ್ವಾ?" ಎಂದ. ಅಂದಿನಿಂದ ಅವನ ಪೊರಕೆ ಮೂಲೆ ಸೇರಿತು.

ಆ ಚಳಿಗಾಲ ಪ್ರೊಫೆಸರರು ದಪ್ಪ ತಗಡು ತಂದರು. ಇಷ್ಟು ದಪ್ಪದ್ದನ್ನು ಕಣ ದಾಟಲಾರದು ಎಂದು ಲೋಕವೆಲ್ಲ ಹೇಳುತ್ತಿತ್ತು. ದಾಟುತ್ತದೆ ಎಂದು ಇವರ ಹಟ. ನಿಮಿಷಕ್ಕೆ ಇಪ್ಪತ್ತು ಮಿಂಚು ದಾಟಿದರೆ ಗೆದ್ದಂತೆ. ಹದಿನೈದರೊಳಗೇ ನಿಂತರೆ ಹತ್ತು ವರ್ಷದ ದುಡಿಮೆ ನೀರುಪಾಲು.

ಮೊದಲ ನಿಮಿಷ ಎನೋಕ್ ಎಣಿಸಿ, "ಇಪ್ಪತ್ಮೂರು" ಎಂದ.

ಕತ್ತಲಲ್ಲಿ ಪ್ರೊಫೆಸರರು ತೊಡೆ ತಟ್ಟಿದ ಸದ್ದಾಯಿತು. ಮರುಕ್ಷಣವೇ ಸಿಳ್ಳೆ! ಇಗರ್ಜಿಯ ಯಾವುದೋ ಹಾಡು, ಒಂದು ಸ್ವರವೂ ನೆಟ್ಟಗಿಲ್ಲ.

ಎನೋಕನ ಮೈಮೇಲಿನ ಕೂದಲೆಲ್ಲ ನಿಮಿರಿತು. ನೆಲದಡಿ ಸಿಳ್ಳೆ ಹಾಕಬಾರದು. ಇದು ಗಣಿಯ ಹಸುಗೂಸಿಗೂ ಗೊತ್ತು. ಒಮ್ಮೆ ಹೊಸಬನೊಬ್ಬ ಸಿಳ್ಳೆ ಹಾಕಿದಾಗ ಅರ್ಧ ಜನ ಹಾಗೆಯೇ ಮನೆಗೆ ತಿರುಗಿದ್ದರು. ಅಂದೇ ಗಣಿಯ ಚಾವಣಿ ಕುಸಿಯಿತು; ತಿರುಗದೆ ಉಳಿದ ಎನೋಕನ ತಮ್ಮ ಜೇಬೆಜ್‌ನ ಎಡಗಾಲು ಇವತ್ತಿಗೂ ಆ ಕಲ್ಲಿನಡಿಯೇ ಇದೆ. ಇಲ್ಲೋ, ತಲೆಯ ಮೇಲೆ ಮೂರು ಅಂತಸ್ತಿನ ಕಟ್ಟಡ! ಪದಕ ತೊಟ್ಟ ದೊಡ್ಡವರಿಗೆ ಸಿಳ್ಳೆ ಹಾಕಬೇಡಿ ಎನ್ನುವುದು ಹೇಗೆ? ನಕ್ಕುಬಿಟ್ಟಾರು. ಎನೋಕ್ ಮೇಜಿನ ಕಬ್ಬಿಣದ ಕಾಲನ್ನು ಬಿಗಿಯಾಗಿ ಹಿಡಿದುಕೊಂಡ.

ಮುಂದಿನ ನಿಮಿಷ ಕಂಡದ್ದು ಇಪ್ಪತ್ತೆರಡು. ಎನೋಕ್ ಮಾತ್ರ, "ಹದಿಮೂರು" ಎಂದ.

ಸಿಳ್ಳೆ ನಿಂತಿತು. ಆಹಾ, ಎಂಥ ನೆಮ್ಮದಿ!

ಹೀಗೆ ಒಂಬತ್ತು ದಿನ ನಡೆಯಿತು. ಕೋಣೆಯಲ್ಲಿ ಗಣಿಯ ಶಿಸ್ತಿನ ಮೌನ. ಕಟ್ಟಡ ಗಟ್ಟಿಯಾಗಿ ನಿಂತಿತ್ತು; ಸೊರಗಿದ್ದು ಪ್ರೊಫೆಸರರು ಮಾತ್ರ. ಸರದಿಯ ಮೇಲೆ ಎಣಿಸುತ್ತಿದ್ದ ಸಹಾಯಕಿ ಮಿಸ್ ಕ್ಲೆಗ್ ಇಪ್ಪತ್ತೆರಡು ಎಂದಾಗಲೆಲ್ಲ ಅವರು, "ನಿಮ್ಮ ಕಣ್ಣು ಇಲ್ಲದ್ದನ್ನೆಲ್ಲ ನೋಡತ್ತೆ ಕಣಮ್ಮ. ಮೊದ್ಲು ಹೋಗಿ ಕನ್ನಡಕ ಮಾಡಿಸ್ಕೊಳ್ಳಿ. ಎನೋಕ್ ಹೇಳಿದ್ದು ಬರೀರಿ" ಎನ್ನುತ್ತಿದ್ದರು. ಪಾಪ, ಆಕೆ ನಿಜವಾಗಿಯೂ ಕನ್ನಡಕ ಮಾಡಿಸಿಕೊಂಡಳು.

ಹತ್ತನೆಯ ದಿನ ಪ್ರೊಫೆಸರರು, "ನಾನು ತಪ್ಪಿದ್ದೆ ಅಂತ ವಿಜ್ಞಾನ ಸಂಘಕ್ಕೆ ಕಾಗದ ಬರೆದಾಯ್ತು. ನಾಳೆ ಟಪಾಲಿಗೆ ಹೋಗತ್ತೆ" ಎಂದು ಕೋಟು ತೊಟ್ಟು ಹೊರಟರು. ಮಧ್ಯಾಹ್ನಕ್ಕೆ ತಂದಿದ್ದ ಮಾಂಸದ ಪೈ ಮೇಜಿನ ಮೇಲೆ ಹಾಗೇ ಇತ್ತು. ಪೈ ಬಿಟ್ಟು ಹೋಗುವ ಮನುಷ್ಯ ಅವರಲ್ಲ.

ಮನೆಯಲ್ಲಿ ಹೆಂಡತಿ ಡೋರ್ಕಸ್ ಎಲ್ಲ ಕೇಳಿ ಸೌಟು ಕೆಳಗಿಟ್ಟಳು.

"ಮುದುಕಾ, ಅಷ್ಟು ದೊಡ್ಡ ಮನುಷ್ಯನ ಮಾನ ಕಳೀತಾ ಇದೀಯಲ್ಲ!"

"ಕಟ್ಟಡ ಉಳಿಸ್ದೆ ಕಣೇ."

"ಕಟ್ಟಡವಂತೆ! ಸಿಳ್ಳೆ ಹಾಕೋ ಬಾಯಿಗೆ ಏನಾದ್ರೂ ತುರುಕಿದ್ರೆ ಆಗ್ತಿರ್ಲಿಲ್ವಾ? ಬೆಳಗ್ಗೆ ಹೋಗಿ ನಿಜ ಹೇಳು. ಇದನ್ನೂ ತಗೊಂಡ್ಹೋಗು." ಪೆಪ್ಪರ್‌ಮಿಂಟಿನ ಪೊಟ್ಟಣ ಅವನ ಜೇಬಿಗೆ ಬಿತ್ತು.

ಬೆಳಗ್ಗೆ ಎನೋಕ್ ಟೋಪಿ ಕೈಯಲ್ಲಿ ಹಿಡಿದು ನಿಂತ. "ಯಜಮಾನ್ರೇ, ಆ ಕಾಗದ ಕಳಿಸ್ಬೇಡಿ. ಇಪ್ಪತ್ಮೂರು ಕಂಡಾಗೆಲ್ಲ ಹದಿನಾಲ್ಕು ಅಂದಿದೀನಿ."

ಪ್ರೊಫೆಸರರ ಮುಖ ಕೆಂಪಗಾಯಿತು. "ಯಾಕಯ್ಯಾ? ನಾನೇನು ಮಾಡಿದ್ದೆ ನಿಂಗೆ?"

"ಸಿಳ್ಳೆ ಹಾಕಿದ್ರಿ."

"ಏನು ಹಾಕ್ದೆ?"

"ಸಿಳ್ಳೆ. ನೆಲದಡಿ. ಮೇಲೆ ಮೂರಂತಸ್ತು ಇಟ್ಕೊಂಡು." ಎನೋಕ್ ಜೇಬೆಜ್‌ನ ಕಾಲಿನ ಕತೆಯನ್ನೂ ಹೇಳಿದ.

ಪ್ರೊಫೆಸರರು ಎಣಿಕೆಯ ಪುಸ್ತಕ ಎಳೆದು ತೆರೆದರು. ಆಮೇಲೆ ತಿರುಗಿ, "ಮಿಸ್ ಕ್ಲೆಗ್, ನಿಮಗೆ ಎಷ್ಟು ಕಂಡಿತ್ತು?" ಎಂದರು.

"ಕನ್ನಡಕ ಇಲ್ದೆ ಇಪ್ಪತ್ತೆರಡು, ಸರ್. ಹಾಕ್ಕೊಂಡ್ಮೇಲೆ ಇಪ್ಪತ್ಮೂರು." ಆಕೆ ಕನ್ನಡಕ ತೆಗೆದು ಟಣ್ಣೆಂದು ಮೇಜಿನ ಮೇಲಿಟ್ಟಳು.

"ಪೊರಕೆ ಎಲ್ಲಿದೆ ಅಂತ ಗೊತ್ತು ಯಜಮಾನ್ರೇ, ನಾನೇ ತಗೋತೀನಿ" ಎಂದ ಎನೋಕ್.

"ನಿಲ್ಲಯ್ಯಾ. ಪ್ರತಿ ಸಲ ಎಷ್ಟು ಕಮ್ಮಿ ಹೇಳ್ತಿದ್ದೆ?"

"ಒಂಬತ್ತು. ಒಂದು ಸಲಾನೂ ತಪ್ಪಿಲ್ಲ."

ಪ್ರೊಫೆಸರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸುಳ್ಳಲ್ಲೂ ಇಷ್ಟು ಕಟ್ಟುನಿಟ್ಟು! ಪೊರಕೆ ಅಲ್ಲೇ ಇರ್ಲಿ. ಮಿಸ್ ಕ್ಲೆಗ್, ನನ್ನ ಕ್ಷಮಿಸಿ. ಇಬ್ರೂ ಬನ್ನಿ, ಮೊದ್ಲಿಂದ ಎಣಿಸೋಣ."

ಕತ್ತಲಲ್ಲಿ ಪ್ರೊಫೆಸರರ ಬಾಯೊಳಗೆ ಎರಡು ಪೆಪ್ಪರ್‌ಮಿಂಟು. ಎನೋಕ್ ಎಣಿಸಿ, "ಇಪ್ಪತ್ಮೂರು" ಎಂದ. ಮಿಸ್ ಕ್ಲೆಗ್, ಕನ್ನಡಕವಿಲ್ಲದೆ, "ಇಪ್ಪತ್ತೆರಡು" ಎಂದಳು. ಕಟುಂ ಕಟುಂ ಎಂದು ಪೆಪ್ಪರ್‌ಮಿಂಟು ಪುಡಿಯಾದ ಸದ್ದು. ಆಮೇಲೆ ಕುರ್ಚಿ ಉರುಳಿತು, ಬಾಗಿಲು ಬಡಿಯಿತು, ಮೆಟ್ಟಿಲ ಮೇಲೆ ದಡಬಡ ಹೆಜ್ಜೆ. ಹೊರಗಿನ ಅಂಗಳದಿಂದ, ಮುಕ್ತ ಆಕಾಶದಡಿಯಿಂದ, ಇಗರ್ಜಿಯ ಹಾಡು ಅಪಸ್ವರದಲ್ಲಿ ತೇಲಿ ಬಂತು. ಕಾಗದ ಒಲೆ ಸೇರಿತು.

ಮರುದಿನ ಕತ್ತಲೆಕೋಣೆಯ ಬಾಗಿಲಿಗೆ ಫಲಕ ಬಿತ್ತು: ಇಲ್ಲಿ ಸಿಳ್ಳೆ ಹಾಕಕೂಡದು.

ಬೇಸಿಗೆಯಲ್ಲಿ ಜರ್ಮನಿಯಿಂದ ಹಿರಿಯ ವಿಜ್ಞಾನಿಯೊಬ್ಬರು ಆ ಪ್ರಯೋಗ ನೋಡಲು ಬಂದರು. ಫಲಕದ ಮುಂದೆ ನಿಂತು ಗಡ್ಡ ನೀವಿಕೊಂಡು, "ಸಿಳ್ಳೆಯಿಂದ ಎಣಿಕೆ ಕೆಡುತ್ತಾ?" ಎಂದು ಎನೋಕನನ್ನು ಕೇಳಿದರು.

"ಕೆಡತ್ತೆ ಸ್ವಾಮಿ. ಸರಿಯಾಗಿ ಒಂಬತ್ತು ಕಮ್ಮಿಯಾಗತ್ತೆ."

ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ತಮ್ಮ ಊರಿಗೆ ಹೋಗಿ ಅಲ್ಲಿಯೂ ಫಲಕ ಹಾಕಿಸಿದರಂತೆ. ಸುದ್ದಿ ಕೇಳಿ ಎನೋಕ್ ತಲೆದೂಗಿದ. ಒಳ್ಳೆಯದೇ ಆಯಿತು. ಆ ಕಟ್ಟಡ ಎಷ್ಟು ಅಂತಸ್ತಿನದೋ ಏನೋ.