ಜಳಕದಲ್ಲಿ ಹೋದ ಗೆರೆ

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಂಡು ಮೀಯದವರು ನರಕಕ್ಕೆ ಹೋಗುತ್ತಾರೆ ಎಂದು ಕೇಶರಬಾಯಿಗೆ ಹೇಳಿಕೊಟ್ಟವಳೇ ಜಿಜಾಬಾಯಿ. ಹುಮನಾಬಾದಿನ ಆ ಮನೆಗೆ ಕಿರಿಸೊಸೆಯಾಗಿ ಬಂದ ಮೊದಲ ದೀಪಾವಳಿಗೆ ಅವಳನ್ನು ಬಚ್ಚಲಲ್ಲಿ ಕೂರಿಸಿ ತಲೆ ತಿಕ್ಕಿದ್ದಳು. ಈಗ ಮನೆಯ ಹಿರಿಸೊಸೆಯಾದ ಆ ನೆಗೆಣ್ಣಿಗೆ ಅರವತ್ತು ದಾಟಿತ್ತು. ಹೊಟ್ಟೆಯಲ್ಲಿ ಗಡ್ಡೆಯೆಂದು ಹೇಳಿ ಅವಳ ತಮ್ಮ ದತ್ತಾತ್ರಿ ಹೈದರಾಬಾದಿನ ದವಾಖಾನೆಗೆ ಸೇರಿಸಿದ್ದ. ಹಬ್ಬಕ್ಕೆ ರಜೆ ಸಿಕ್ಕಿ ಬಂದವಳು ಒಣಗಿದ ಹೀರೇಕಾಯಿಯಂತಾಗಿದ್ದಳು.

"ಜಳಕ ಬ್ಯಾಡ ಕೇಶರಾ. ಕಾಲು ತೊಳಿ, ಸಾಕು."

"ನರಕಕ್ಕ ಹೋಗ್ತೀರೇನ್ರಿ ಅಕ್ಕಾ?"

"ಅಲ್ಲಿ ನಮ್ಮ ಅತ್ತಿ ಅದಾಳ. ಜೋಡಿ ಆಗ್ತದ."

ಇಬ್ಬರೂ ನಕ್ಕರು. ನಕ್ಕ ಮೇಲೆ ಜಿಜಾಬಾಯಿ ಸೋತು ಜಳಕಕ್ಕೆ ಒಪ್ಪಿದಳು. "ಹೊಟ್ಟಿಗಿ ಮಾತ್ರ ಕೈ ಹಚ್ಚಬ್ಯಾಡ."

ನಾಚಿಕೆ ಎಂದುಕೊಂಡಳು ಕೇಶರಬಾಯಿ.

ಸೀಗೆಪುಡಿಯ ಉರಿಗೆ ಜಿಜಾಬಾಯಿ ಕಣ್ಣು ಮುಚ್ಚಿದ್ದಾಗ ಒದ್ದೆ ಸೀರೆ ಸರಿಯಿತು. ಹೊಕ್ಕುಳ ಕೆಳಗೆ ನೇರಳೆ ಕಲೆ. ದತ್ತಾತ್ರಿ ತಂದ ಹೊಸ ನೇರಳೆ ಸೀರೆ ಬಣ್ಣ ಬಿಟ್ಟಿದೆ ಎಂದು ಕೇಶರಬಾಯಿ ಕಡಲೆಹಿಟ್ಟು ಹಚ್ಚಿ, ಹಸುಗೂಸಿಗೆ ತಿಕ್ಕುವಂತೆ ತಿಕ್ಕಿದಳು. ಜಿಜಾಬಾಯಿ ಕೈ ಅಡ್ಡ ತಂದಳು. ಕೇಶರಬಾಯಿ ನಗುತ್ತಲೇ ಆ ಕೈಯನ್ನು ಸರಿಸಿ ನೀರು ಸುರಿದಳು.

ಕಣ್ಣು ತೆರೆದ ಜಿಜಾಬಾಯಿ ತನ್ನ ಹೊಟ್ಟೆಯನ್ನೇ ನೋಡಿದಳು.

"ಗೆರಿ ಎಲ್ಲಿ?"

"ಯಾವ ಗೆರಿರಿ?"

"ಡಾಕ್ಟರ್ ಹಾಕಿದ್ದು. ರೋಗ ಸುಡಾಕ ಅದರ ಒಳಗಷ್ಟೇ ಮಷೀನಿನ ಕರೆಂಟ್ ಕೊಡ್ತಾರ. ಗಡ್ಡಿ ಅಲ್ಲವ್ವಾ, ಕ್ಯಾನ್ಸರ್. ಗರ್ಭಚೀಲದ ಬಾಯಿಗಿ. ಈ ವಯಸ್ಸಿನ್ಯಾಗ ರಕ್ತ ಹೋಗಾಕತ್ತದ ಅಂತ ಯಾರಿಗಿ ಹೇಳ್ಲಿ? ತೋರಸೂದ್ರಾಗ ಭಾಳ ಬೆಳದಿತ್ತು. ಇನ್ನ ಕೊಯ್ಯಾಕ ಬರೂದಿಲ್ಲ, ಕರೆಂಟ್ ಒಂದೇ ದಾರಿ ಅಂದ್ರು."

ಕೇಶರಬಾಯಿ ತಂಬಿಗೆ ಕೆಳಗಿಟ್ಟಳು. ಒಂದೇ ಒಲೆಯ ಮುಂದೆ ಇಬ್ಬರೂ ಮುದುಕಿಯರಾಗಿದ್ದರು. ಅವಳಿಗೆ ಏನೂ ತಿಳಿದಿರಲಿಲ್ಲ. ಈಗಷ್ಟೇ ಕಂಡಿತು, ಆ ಚರ್ಮ ಕರೆಂಟಿಗೆ ಸುಟ್ಟು ರೊಟ್ಟಿ ಹೆಂಚಿನಂತೆ ಕಪ್ಪಾಗಿತ್ತು. ಅದರ ಮೇಲೆಯೇ ತಿಕ್ಕಿದ್ದಳು. ಒಳಗೋಡಿ ಗಂಡ ಕಾಶಿರಾಮನ ಅಂಗಡಿಯ ನೇರಳೆ ಪೆನ್ಸಿಲು ತಂದಳು.

"ಎಲ್ಲಿತ್ತು ತೋರಸ್ರಿ ಅಕ್ಕಾ, ನಾ ಬರೀತೀನಿ!"

"ಹುಚ್ಚಿ, ರಂಗೋಲಿ ಅಲ್ಲ ಇದು. ತಪ್ಪಿದ್ರ ಬ್ಯಾರೆ ಕಡಿ ಸುಡ್ತದ."

ಮರುದಿನ ಕೇಶರಬಾಯಿಯೂ ಹೈದರಾಬಾದಿನ ಬಸ್ಸು ಹತ್ತಿದಳು. ಜಿಜಾಬಾಯಿ ಅವಳ ಸೆರಗಿಗೆ ಹಬ್ಬದ ಕರ್ಚಿಕಾಯಿ ಹಾಕಿ, "ತಿನ್ನು. ನನ್ನ ನರಕ ತಪ್ಪಸಾಕ ಹೋಗಿ ನೀನ ಬಿದ್ದಿ" ಎಂದಳು.

"ಅಳಿಸಿದ್ದು ಯಾರು?" ದವಾಖಾನೆಯಲ್ಲಿ ಡಾಕ್ಟರು ಗದರಿದರು. ಕೇಶರಬಾಯಿ ಬಾಯಿ ತೆರೆಯುವಷ್ಟರಲ್ಲಿ ಜಿಜಾಬಾಯಿ, "ನಾನೇರಿ ಸಾಹೇಬ್ರ. ಹಬ್ಬದ ಜಳಕ" ಎಂದುಬಿಟ್ಟಳು.

"ಮತ್ತೆ ಎಕ್ಸ್‌ರೇ, ಮತ್ತೆ ಅಳತೆ ಆಗಬೇಕು. ಅಲ್ಲೀತನಕ ಕರೆಂಟ್ ಇಲ್ಲ. ರೋಗ ಏನು ರಜೆ ತಗೋತದೇನಮ್ಮಾ?"



ಗೆರೆ ಮತ್ತೆ ಬಿತ್ತು, ಕರೆಂಟೂ ಶುರುವಾಯಿತು. ಕೇಶರಬಾಯಿ ಊರಿಗೆ ಮರಳಲಿಲ್ಲ. ದಿನವೂ ಒದ್ದೆ ಬಟ್ಟೆಯಿಂದ ಅಕ್ಕನ ಮೈ ಒರೆಸುವಳು. ಎದೆ ದಾಟುತ್ತಲೇ ಕೈ ನಿಂತುಬಿಡುವುದು. ಒಂದು ದಿನ ಜಿಜಾಬಾಯಿ ಆ ಕೈ ಹಿಡಿದು ಗೆರೆಯ ಅಂಚಿನ ತನಕ ತಾನೇ ಎಳೆದು ತಂದಳು.

"ಇಲ್ಲೀತನ ಬರಬಹುದು. ಹೆದರಬ್ಯಾಡ."