ತಕ್ಕಡಿ ಸಾಹೇಬರ ಹೆಜ್ಜೆಗಳು

ಕೂತ ಕುರ್ಚಿ ಬಿಟ್ಟೇಳದೆ ದಿನಕ್ಕೆ ಎಂಟು ಸಾವಿರ ಹೆಜ್ಜೆ ನಡೆದವರು ಲೋಕದಲ್ಲಿ ಯಾರಾದರೂ ಇದ್ದರೆ ಅದು ಅವಳ ಮಾವ ಒಬ್ಬರೇ. ಕಿಟಕಿಯ ಪಕ್ಕದ ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕುರ್ಚಿಗೆ, ನಡುವೆ ಒಂದು ಸಲ ಅಡುಗೆಮನೆಯ ಬಾಗಿಲ ತನಕ. ಅವರ ಸಂಚಾರ ಅಷ್ಟೇ. ಆದರೆ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಅವರು ಮುನ್ನೂರ ಹತ್ತು ಹೃದಯ ರೋಗಿಗಳಲ್ಲಿ ಮೊದಲಿಗರು.

ಇದು ಹೇಗಾಯಿತು ಎಂದು ಹೇಳುವುದು ಸುಲಭ. ಅವಳು ಯಾಕೆ ಹೀಗೆ ಮಾಡಿದಳು ಎಂದು ಹೇಳುವುದೇ ಕಷ್ಟ.

ಆಸ್ಪತ್ರೆಯವರು ಒಂದು ಅಧ್ಯಯನ ನಡೆಸುತ್ತಿದ್ದರು. ಮೊದಲೆಲ್ಲ ಮೂರು ತಿಂಗಳಿಗೊಮ್ಮೆ ಹೋಗಿ, ಸಾಲಿನಲ್ಲಿ ಕೂತು, ನೆನಪಿದ್ದಷ್ಟನ್ನು ಡಾಕ್ಟರಿಗೆ ಹೇಳಿ ಬರುವುದಿತ್ತು. ಈಗ ಫೋನಿನಲ್ಲಿ ಒಂದು ಆ್ಯಪ್. ಅದು ಹಗಲಿಡೀ ಹೆಜ್ಜೆ ಎಣಿಸುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಮೂರು ಪ್ರಶ್ನೆ ಕೇಳುತ್ತದೆ: ಎಷ್ಟು ದಿಂಬು ಇಟ್ಟುಕೊಂಡು ಮಲಗಿದಿರಿ, ಕಾಲು ಊದಿದೆಯೇ, ಉಸಿರು ಕಟ್ಟಿತೇ. ಹೃದಯ ಸೋತವರ ಎದೆಯಲ್ಲಿ ನೀರು ಸೇರುತ್ತ ಬಂದಂತೆ ತಲೆ ತಗ್ಗಿಸಿ ಮಲಗಲಾಗುವುದಿಲ್ಲ, ದಿಂಬಿನ ಮೇಲೆ ದಿಂಬು ಏರುತ್ತದೆ. ಅದಕ್ಕೇ ದಿಂಬಿನ ಪ್ರಶ್ನೆ. ಉತ್ತರ ಒತ್ತಿದ ಕ್ಷಣ ಅದು ಆಸ್ಪತ್ರೆಗೆ ಹೋಗಿ ಮುಟ್ಟುತ್ತದೆ, ಅದನ್ನು ನೋಡಿ ಡಾಕ್ಟರು ಮಾತ್ರೆ ಏರಿಸುತ್ತಾರೆ, ಇಳಿಸುತ್ತಾರೆ. ಮೊದಲ ತಿಂಗಳಲ್ಲೇ ಯಾರದೋ ಹೆಜ್ಜೆ ದಿಢೀರನೆ ಕುಸಿದದ್ದನ್ನು ಕಂಡು ಮನೆಯಿಂದ ಕರೆಸಿಕೊಂಡು ಜೀವ ಉಳಿಸಿದ್ದರು. ಆ್ಯಪಿನ ತಪ್ಪು ಏನೂ ಇರಲಿಲ್ಲ.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಅವರ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ತಕ್ಕಡಿಯ ಅಡಿಗೆ ಅಂಟಿಸಿದ್ದ ಅಯಸ್ಕಾಂತವನ್ನು ಅಂಗಡಿಯವರು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ಆ್ಯಪಿನಲ್ಲಿ ಎಲ್ಲರ ಹೆಜ್ಜೆಯ ಪಟ್ಟಿ ಎಲ್ಲರಿಗೂ ಕಾಣುತ್ತಿತ್ತು, ನಿಜವಾದ ಹೆಸರು ಮಾತ್ರ ಕಾಣಿಸಬಾರದೆಂದು ನಿಯಮ. ಹಾಗಾಗಿ ಅಧ್ಯಯನದ ನರ್ಸ್ ಅವರಿಗೆ ‘ತಕ್ಕಡಿ ಸಾಹೇಬರು’ ಎಂದು ಅಡ್ಡಹೆಸರು ಕೊಟ್ಟಿದ್ದಳು.

ಅವಳ ಗಂಡ ಬದುಕಿದ್ದಾಗ ಇಬ್ಬರಿಗೂ ಒಂದೇ ತರಹದ ಫೋನು ತಂದಿದ್ದ. ಒಂದೇ ಕಂದು ಕವಚ, ಬೀಗಕ್ಕೂ ಅದೇ ನಾಲ್ಕು ಅಂಕಿ. ಅವನು ಹೋದ ಮೇಲೆ ಅವನ ಫೋನು ಅವನ ಅಪ್ಪನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಅವಳು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಕೆಲಸಕ್ಕೆ ಹೋದಳು. ನಾಲ್ಕು ಮಹಡಿಯ ಗ್ರಂಥಾಲಯದಲ್ಲಿ, ಜನ ಓದಿ ಬಿಟ್ಟ ಪುಸ್ತಕಗಳನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಅವುಗಳ ಜಾಗಕ್ಕೆ ಸೇರಿಸುವುದು ಅವಳ ಕೆಲಸ. ಸಂಜೆ ಜೇಬಿನಿಂದ ತೆಗೆದು ನೋಡಿದಾಗಲೇ ಗೊತ್ತಾದದ್ದು, ಅದು ಮಾವನ ಫೋನು. ಪರದೆಯ ಮೇಲೆ ಎಂಟು ಸಾವಿರದ ನಾನೂರು ಹೆಜ್ಜೆ, ಒಂದು ಹಸಿರು ನಕ್ಷತ್ರ.

ಮರುದಿನ ಬೆಳಿಗ್ಗೆಯೇ ನರ್ಸ್ ಫೋನ್ ಮಾಡಿದಳು.

“ಏನ್ ಸಾಹೇಬ್ರೇ, ಕಾಲಿಗೆ ಚಕ್ರ ಕಟ್ಕೊಂಡಿದ್ರಾ? ಎಂಟು ಸಾವಿರ! ನಾನೇ ಅಷ್ಟು ನಡೆಯಲ್ಲ.”

ಮಾವ ಒಮ್ಮೆ ಸೊಸೆಯ ಕಡೆ ನೋಡಿದರು. “ಯಾರಿಗ್ ಗೊತ್ತಮ್ಮಾ, ನಿದ್ದೇಲಿ ನಡೆದೆನೋ ಏನೋ,” ಎಂದು ನಕ್ಕರು.

ಹನ್ನೊಂದು ತಿಂಗಳ ಮೇಲೆ ಆ ಮನೆಯಲ್ಲಿ ಕೇಳಿಸಿದ ಮೊದಲ ನಗು ಅದು. ಫೋನು ಅದಲುಬದಲಾಯಿತು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಅಂದು ಫೋನು ಮನೆಯಲ್ಲೇ ಉಳಿಯಿತು. ಹೆಜ್ಜೆ ಇನ್ನೂರ ಆರು. ಹಳದಿ ಬಣ್ಣದ ಸಪ್ಪೆ ಮುಖವೊಂದು ಪರದೆಯ ಮೇಲೆ ಬಂತು. ನರ್ಸ್ ಮತ್ತೆ ಫೋನ್ ಮಾಡಿ, “ಮೈ ಸರಿಯಿಲ್ವಾ ಸಾಹೇಬ್ರೇ?” ಎಂದಳು. ಮಾವ “ಹಾಗೇನಿಲ್ಲಮ್ಮಾ,” ಎಂದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಮೂರನೆಯ ದಿನ, ಅವರು ಪ್ರಶ್ನೆಗಳಿಗೆ ಉತ್ತರ ಒತ್ತಿ ಫೋನು ಕೆಳಗಿಟ್ಟ ಮೇಲೆ, ಅವಳು ಅದನ್ನು ತೆಗೆದುಕೊಂಡು ತನ್ನದನ್ನು ಆ ಜಾಗದಲ್ಲಿಟ್ಟು ಹೊರಟಳು. ಅಂದು ಮರೆತಿರಲಿಲ್ಲ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳು ದಿನಾ ನಾಲ್ಕು ಮಹಡಿ ಹತ್ತಿಳಿಯಿತು.

ಒಮ್ಮೆ ನಡು ಮಧ್ಯಾಹ್ನ, ಎರಡನೇ ಮಹಡಿಯ ಕಪಾಟುಗಳ ನಡುವೆ, ಆ ಫೋನು ಬಡಿದುಕೊಂಡಿತು. ನರ್ಸ್.

“ಮಾವ ಸ್ನಾನಕ್ಕೆ ಹೋಗಿದಾರೆ,” ಎಂದಳು ಅವಳು.

“ಈ ಹೊತ್ತಲ್ಲಾ? ಅದ್ಯಾಕಮ್ಮಾ ಪಿಸುಗುಡ್ತೀಯಾ, ಸ್ನಾನದಲ್ಲಿದ್ದೋರು ಎದ್ದುಬಿಡ್ತಾರಾ?”

ಎದುರಿಗೆ ಓದುತ್ತಿದ್ದವರೊಬ್ಬರು ತಲೆಯೆತ್ತಿ ಗುರಾಯಿಸಿದರು. ಅವಳು ಫೋನನ್ನು ಬಿಗಿಯಾಗಿ ಮುಚ್ಚಿ ಹಿಡಿದು ಗಾಡಿಯ ಹಿಂದೆ ಕುಕ್ಕರಿಸಿದಳು, ಕದ್ದು ಸಿಕ್ಕಿಬಿದ್ದವಳ ಹಾಗೆ.

ಅದೇ ವಾರ ಡಾಕ್ಟರು, ಇಷ್ಟು ಚೆನ್ನಾಗಿ ನಡೆಯುತ್ತಿದ್ದಾರಲ್ಲ ಎಂದು, ನೀರು ಇಳಿಸುವ ಮಾತ್ರೆಯನ್ನು ಅರ್ಧ ಮಾಡಿದರು.

ಬಟ್ಟೆ ಒಗೆಯುವ ದಿನ ಮಾವನ ಹಾಸಿಗೆಯಿಂದ ಮೂರು ದಿಂಬಿನ ಚೀಲ ಸಿಕ್ಕವು. ಮೂರರಲ್ಲೂ ತಲೆಯೆಣ್ಣೆಯ ಕಲೆ. ಆ್ಯಪ್ ತೆರೆದು ನೋಡಿದಳು. ಮಾವ ಒತ್ತಿದ್ದ ಉತ್ತರ: ಒಂದು ದಿಂಬು. ಅವಳು ಫೋನು ಆರಿಸಿ ಚೀಲಗಳನ್ನು ನೀರಿಗೆ ಹಾಕಿದಳು.

“ಬೂಟು ಬಿಗಿಯಾಗ್ತಿದೆಯಾ ಮಾವ? ಹೊಸದು ತರ್ಲಾ?” ಎಂದು, ಆಸ್ಪತ್ರೆಯ ದಿನಕ್ಕೆಂದು ಬೂಟು ಹಾಕಿ ನೋಡುತ್ತಿದ್ದವರನ್ನು ಒಂದು ದಿನ ಕೇಳಿದಳು.

“ಬೂಟೇ ಕುಗ್ಗಿದೆ. ಹಳೇ ಚರ್ಮ ಅಲ್ವಾ,” ಎಂದರು ಅವರು.

ಚರ್ಮ ಕುಗ್ಗಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವಳು ಬಗ್ಗಿ ಲೇಸು ಸಡಿಲಿಸಿದಳು.

ಆಸ್ಪತ್ರೆಗೆ ಹೋಗುವ ದಿನ ಬಂತು. ಹೊರಗಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದರು, ಬಲಗೈ ಮಣಿಕಟ್ಟಿಗೆ ಪ್ಲಾಸ್ಟರು. ಒಂದು ಕಾಲದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದರಂತೆ. ಅವರೂ ಅದೇ ಅಧ್ಯಯನದಲ್ಲಿದ್ದವರು. ನರ್ಸ್ ಬಾಗಿಲಿನಿಂದ ಇಣುಕಿ, “ಬಂದ್ರಾ ತಕ್ಕಡಿ ಸಾಹೇಬ್ರೇ?” ಎಂದದ್ದು ಅವರ ಕಿವಿಗೂ ಬಿತ್ತು.

“ನೀವೇನಾ ಆ ತಕ್ಕಡಿ ಸಾಹೇಬ್ರು?” ಎಂದರು ಮಾವನನ್ನು ಮೇಲಿಂದ ಕೆಳಗೆ ನೋಡುತ್ತ. “ದಿನಾ ಪಟ್ಟಿ ತೆಗೆದ್ರೆ ತುದೀಲಿ ನಿಮ್ಮ ಹೆಸರು, ಬುಡದಲ್ಲಿ ನನ್ನದು. ನಂದು ಮುನ್ನೂರು ದಾಟಲ್ಲ. ಮಾನ ಹೋದಂಗಾಗಿ ಹೋದ ವಾರ ಎರಡು ಸಾವಿರ ನಡೆದೇ ತೀರ್ತೀನಿ ಅಂತ ಹೊರಟೆ. ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂತು. ಇದು ಅದರ ಬಹುಮಾನ,” ಎಂದು ಕೈ ಎತ್ತಿ ತೋರಿಸಿ ನಕ್ಕರು.

ಮಾವ ನಗಲಿಲ್ಲ. ಅವಳು ನೆಲದ ಹೆಂಚುಗಳನ್ನು ನೋಡಿದಳು. ಕಿವಿ ಕಾದು ಕೆಂಡವಾಯಿತು. ಗಂಡ ಹೋದಾಗಿನಿಂದ ಬಿಸಿ ತಂಪು ಯಾವುದೂ ಮೈಗೆ ಹತ್ತಿರಲಿಲ್ಲ. ಜನ ಬಂದು ಅತ್ತು ಹೋಗಿದ್ದರು, ಅವಳು ಅವರಿಗೆ ಚಹಾ ಕೊಟ್ಟಿದ್ದಳು. ಈಗ ಮೊದಲ ಸಲ ಏನೋ ಹತ್ತಿತು. ಅದು ನಾಚಿಕೆ.

ಒಳಗೆ ಡಾಕ್ಟರು ಪರದೆಯನ್ನು ಇವರ ಕಡೆ ತಿರುಗಿಸಿದರು. ಹಸಿರು ಗೆರೆ ಬೆಟ್ಟದಂತೆ ಏರಿತ್ತು.

“ನೋಡಿ ಸಾಹೇಬ್ರೇ, ಮಾತ್ರೆ ಅರ್ಧ ಮಾಡಿದ್ರೂ ನೀವು ಕುಗ್ಗಿಲ್ಲ. ಒಂದೇ ದಿಂಬು. ನಿಲ್ಲಿಸೇ ಬಿಡೋಣ. ಆಗಬಹುದಾ?”

ಡಾಕ್ಟರ ಕೈ ಮೌಸಿನ ಮೇಲಿತ್ತು. ಮಾವ ಬೂಟಿನೊಳಗೆ ಪಾದ ಹಿಂದಕ್ಕೆಳೆದುಕೊಂಡು, “ನೀವು ಹೇಳಿದ ಹಾಗೆ,” ಎಂದರು.

“ಬೇಡ,” ಎಂದಳು ಅವಳು. ಮತ್ತೆ ಹೇಳಿದಳು: “ಬೇಡ ಡಾಕ್ಟ್ರೇ. ಆ ಹೆಜ್ಜೆಗಳು ಅವರದ್ದಲ್ಲ. ನನ್ನವು.”

ಮೂಲೆಯಲ್ಲಿ ಕೂತಿದ್ದ ನರ್ಸ್ ಪೆನ್ನು ಕೆಳಗಿಟ್ಟಳು.

ಅವಳು ಎಲ್ಲವನ್ನೂ ಹೇಳಿದಳು. ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಅಷ್ಟು ಚಿಕ್ಕದಿತ್ತು ಅದು.

“ಎಷ್ಟು ದಿನ?” ಎಂದರು ಡಾಕ್ಟರು.

“ನಲವತ್ತು ಇರಬಹುದು.”

“ನಲವತ್ತಾರು,” ಎಂದರು ಮಾವ.

ಅಂಗಿಯ ಒಳಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಇಲಾಖೆಯ ಕಾಲದಿಂದ ಅಂಥದೊಂದು ಅವರ ಜೇಬಿನಲ್ಲಿ ಇದ್ದೇ ಇರುತ್ತಿತ್ತು. ಪುಟಕ್ಕೊಂದು ಗೆರೆ ಎಳೆದಿತ್ತು. ಎಡಕ್ಕೆ ಆ್ಯಪಿಗೆ ಹೋದದ್ದು, ಬಲಕ್ಕೆ ನಿಜ. ಎಂಟು ಸಾವಿರದ ಎದುರು ನೂರ ತೊಂಬತ್ತು. ಒಂದು ದಿಂಬಿನ ಎದುರು ಮೂರು. ಕೆಳಗೆ ದಿನದ ತೂಕ, ಗ್ರಾಮಿನ ತನಕ.

“ನಿಮಗೆ ಗೊತ್ತಿತ್ತಾ ಮಾವ?”

“ಮೂವತ್ತೊಂದು ವರ್ಷ ಕಳ್ಳ ತಕ್ಕಡಿ ಹಿಡಿದೋನು. ನನ್ನ ಕಾಲು ಎಷ್ಟು ನಡೀತು ಅನ್ನೋದು ನಂಗೆ ಗೊತ್ತಾಗಲ್ವೇನಮ್ಮಾ?”

“ಮತ್ತೆ ದಿಂಬು ಯಾಕೆ ಒಂದು ಅಂದ್ರಿ?”

“ನೀನು ಒಂದು ತಟ್ಟೇಲಿ ಎಂಟು ಸಾವಿರ ಇಟ್ಟಿದ್ದೆ. ನಾನು ಇನ್ನೊಂದ್ರಲ್ಲಿ ಮೂರು ದಿಂಬು ಇಟ್ಟಿದ್ರೆ ನೀನು ಸಿಕ್ಕಿಹಾಕ್ಕೊಳ್ತಿದ್ದೆ.” ಅವರು ಡಾಕ್ಟರ ಮುಖ ನೋಡದೆ ಹೇಳಿದರು: “ಮೊದಲ ದಿನ ನಕ್ಷತ್ರ ಬಂತಲ್ಲ, ಅವತ್ತು ರಾತ್ರಿ ಈ ಹುಡುಗಿ ಎರಡನೇ ಸಲ ಊಟ ಬಡಿಸ್ಕೊಂಡ್ಳು. ಅದು ನೋಡಿ ಬಾಯಿಗೆ ಬೀಗ ಹಾಕ್ಕೊಂಡೆ. ಅಂಗಡಿಯೋರು ನನ್ನ ಮುಂದೆ ಎಂಥೆಂಥ ನೆಪ ಹೇಳ್ತಿದ್ರು. ಒಬ್ಬನ್ನೂ ಬಿಟ್ಟೋನಲ್ಲ ನಾನು.”

“ಬೂಟು ತೆಗೀರಿ,” ಎಂದರು ಡಾಕ್ಟರು.

ಅವಳೇ ಬಗ್ಗಿ ತೆಗೆದಳು. ಡಾಕ್ಟರು ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದಲ್ಲಿ ಗುಳಿ ಬಿತ್ತು. ಅದು ತುಂಬಿಕೊಳ್ಳುವ ತನಕ ನಾಲ್ವರೂ ಅದನ್ನೇ ನೋಡುತ್ತಿದ್ದರು.

“ಇದನ್ನ ನಾನು ಮೊದಲೇ ಬೂಟು ಬಿಚ್ಚಿಸಿ ನೋಡಬೇಕಾಗಿತ್ತು,” ಎಂದರು ಡಾಕ್ಟರು ಮೆಲ್ಲಗೆ. ಆಮೇಲೆ ದನಿ ಗಡುಸಾಯಿತು. “ಆದ್ರೆ ಇದು ಇವರೊಬ್ಬರ ಮಾತಲ್ಲಮ್ಮಾ. ಈ ಗೆರೆ ನೋಡ್ಕೊಂಡು, ಮಾತ್ರೆ ಕಡಿಮೆ ಮಾಡಿದ್ರೂ ನಡೆಯುತ್ತೆ ಅಂತ ನಾನು ಬರೀತಿದ್ದೆ. ಅದನ್ನ ಎಲ್ಲೋ ಇರೋ ಇನ್ನೊಬ್ಬ ಡಾಕ್ಟ್ರು ಓದ್ತಿದ್ರು. ನೀವು ನೋಡೇ ಇಲ್ಲದ ಯಾರದೋ ಮಾತ್ರೆ ನಿಲ್ಲಿಸ್ತಿದ್ರು.”

ಅದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾದ ಮಾತಲ್ಲ. ತಪ್ಪು ಕಪಾಟಿಗೆ ಸೇರಿದ ಪುಸ್ತಕ ಕಳೆದುಹೋದ ಪುಸ್ತಕವೇ ಎಂದು ಹೊಸಬರಿಗೆಲ್ಲ ಅವಳೇ ಹೇಳಿಕೊಡುತ್ತಿದ್ದಳು.

ಆ ನಲವತ್ತಾರು ದಿನವನ್ನು ಅಳಿಸುವುದೆಂದಾಯಿತು. ಮಾವ ಎರಡು ದಿನ ಅಲ್ಲೇ ಉಳಿಯಬೇಕು, ಸೂಜಿಯಲ್ಲಿ ಔಷಧಿ ಕೊಟ್ಟು ನೀರು ಇಳಿಸಬೇಕು. ಡಾಕ್ಟರು ಆ ಪುಟ್ಟ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ನರ್ಸ್ ಚಕ್ರದ ಕುರ್ಚಿ ತಂದಳು. ಮಾವನನ್ನು ಕೂರಿಸುವಾಗ ಸಾಹೇಬ್ರೇ ಎನ್ನಲಿಲ್ಲ, ಯಾವ ತಮಾಷೆಯನ್ನೂ ಮಾಡಲಿಲ್ಲ.

“ಹೊರಗೆ ಆ ಟೀಚರು ಕೂತಿದಾರೆ,” ಎಂದರು ಮಾವ. “ನಾನೇ ಹೇಳ್ತೀನಿ.”

“ಬೇಡ ಮಾವ,” ಎಂದಳು. “ನಡೆದೋಳು ನಾನು.”

ಬೆಂಚಿನ ಹೆಂಗಸು ತಲೆಯೆತ್ತಿದರು. “ಏನಂದ್ರು ನಿಮ್ಮ ಓಟಗಾರರಿಗೆ?”

ಅವಳು ನಿಂತುಕೊಂಡೇ ಹೇಳಿದಳು. ಹೆಂಗಸು ಎಡಗೈಯಿಂದ ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡರು.

“ಮೆಟ್ಟಿಲ ಮೇಲೆ ಬಿದ್ದಾಗ ಏನಂದ್ಕೊಂಡೆ ಗೊತ್ತಾ? ಆ ಮುದುಕನ ಕೈಲಾಗಿದ್ದು ನನ್ನ ಕೈಲಾಗಲ್ವಲ್ಲಾ, ನಾನಿನ್ನು ಬದುಕಿ ಏನು ಅಂತ.”

“ತಪ್ಪಾಯ್ತು.”

“ನಂಗ್ಯಾಕೆ ಹೇಳ್ತೀಯಾ? ಈ ಮೂಳೆಗೆ ಹೇಳು, ಬೇಗ ಕೂಡ್ಕೊಳ್ಳುತ್ತೇನೋ ನೋಡೋಣ.”

ಅಷ್ಟರಲ್ಲಿ ಒಳಗಿನಿಂದ ಅವರನ್ನು ಕರೆದರು. ಹೆಂಗಸು ಬೆಂಚಿಗೆ ಎಡಗೈ ಊರಿ ಏಳಲು ನೋಡಿದರು. ಅವಳು ಕೈ ಚಾಚಿದಳು. ಅವರು ಹಿಡಿಯಲಿಲ್ಲ, ತಾವೇ ಎದ್ದು ಹೊರಟರು. ಎರಡು ಹೆಜ್ಜೆ ಹೋಗಿ, ಹಿಂತಿರುಗದೆಯೇ ಹೇಳಿದರು: “ಆ ಚೀಲ ತಗೊಂಡ್ ಬಾ.”

ಅವಳು ಬೆಂಚಿನ ಮೇಲೆ ಉಳಿದಿದ್ದ ಅವರ ಚೀಲ ಎತ್ತಿಕೊಂಡು ಹಿಂದೆ ನಡೆದಳು. ಡಾಕ್ಟರ ಬಾಗಿಲಿಗೆ ಹತ್ತೊಂಬತ್ತು ಹೆಜ್ಜೆ. ನಡುವೆ ಎರಡು ಸಲ ಆ ಹೆಂಗಸು ಗೋಡೆ ಹಿಡಿದು ಉಸಿರಿಗೆ ನಿಂತರು. ಎರಡು ಸಲವೂ ಅವಳು ನಿಂತಳು.