ಗಂಜಿ ಬೇಯುವ ಪುಟ

ಅರವತ್ತೊಂದನೆಯ ಇಸವಿಯ ಮಾತು. ಕೊಯಿಲದ ಬೀಫಾತುಮ್ಮನ ಜಗಲಿಯಲ್ಲಿ ಬೀಡಿ ಸುತ್ತುವ ಹೆಂಗಸರದ್ದೊಂದು ಕಟ್ಟಳೆ ಇತ್ತು: ಆಸಿಯಾ ಗಟ್ಟಿಯಾಗಿ ಕಾದಂಬರಿ ಓದಬೇಕು, ಅವಳ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡಬೇಕು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಓದುವ ಭಾಗ್ಯ ಉಳಿದದ್ದು ಆ ಜಗಲಿಯಲ್ಲಿ ಮಾತ್ರ.

ಈಗ ಅದಕ್ಕೂ ಸಂಚಕಾರ ಬಂತು. ಬೀಡಿ ಕೊಂಡುಹೋಗಲು ಬಂದ ಪೋಕರ್ ಹೆಬ್ಬೆರಳಲ್ಲಿ ಒಂದೊಂದನ್ನೇ ಒತ್ತಿ ನೋಡಿದ.

"ಇದೆಂತ ಬೀಡಿಯಾ, ಪೀಪಿಯಾ? ಊದಿದರೆ ಸ್ವರ ಬರ್ತದೆ!" ಎಂದು ಸಡಿಲಾಗಿದ್ದ ಅರ್ಧದಷ್ಟನ್ನು ಬದಿಗೆ ತಳ್ಳಿದ.

"ಪುಸ್ತಕದ್ದೇ ಉಪದ್ರ," ಎಂದಳು ಬೀಫಾತುಮ್ಮ. "ನಾಳೆ ಒಂದು ದಿನ ನೋಡುದು. ಸರಿಯಾಗದಿದ್ದರೆ ಆಸಿಯಾ, ಪುಸ್ತಕ ಬಿಟ್ಟು ನೀನೂ ಬೀಡಿಯ ಮೊರ ಹಿಡಿ."

ಆಸಿಯಾ ಓದುತ್ತಿದ್ದದ್ದು ಹಳೆಯ, ಹೆಸರಾದ ಕಾದಂಬರಿ. ಮೊದಲರ್ಧದಲ್ಲಿ ಅಂಬಿಗನೊಬ್ಬ ಪುಟಗಟ್ಟಲೆ ದೋಣಿ ಕಟ್ಟುತ್ತಾನೆ. ಆಗ ಸುತ್ತಿದ ಬೀಡಿಯನ್ನು ಪೋಕರನೇ ಹೊಗಳಿದ್ದ. ಈಗ ನೆರೆ ಬಂದು ಅಂಬಿಗ ಮಕ್ಕಳನ್ನು ಹೊತ್ತು ಓಡುತ್ತಿದ್ದಾನೆ. ಅವನ ಕಾಲಿನ ಜೊತೆ ಹೆಂಗಸರ ಬೆರಳುಗಳೂ ಓಡಿ ಬೀಡಿ ಸಡಿಲಾಗುತ್ತಿದೆ.

ಬೆರಳುಗಳು ನಿಧಾನವಾಗಲೆಂದು ಮರುದಿನ ಆಸಿಯಾ ಎಳೆದೆಳೆದು ಓದಿದಳು.

"ಇದು ನೆರೆಯಾ, ಕಟ್ಟಿಕೊಂಡ ಚರಂಡಿಯಾ ಮಾರಾಯ್ತಿ?" ಎಂದು ಕಿರಿಯವಳು ಲೈಲಾ ಕೇಳಿದಾಗ ಜಗಲಿಯೆಲ್ಲ ಗೊಳ್ಳೆಂದಿತು.

ಹಾಳೆ ಹಿಂದೆ ಮುಂದೆ ಮಾಡುವಾಗ ಆಸಿಯಾಳಿಗೆ ಹೊಳೆಯಿತು. ನೆರೆ ಬಂದಂದಿನಿಂದ ಬೇಸರದ ಪುಟಗಳೆಂದು ಕಂಡದ್ದನ್ನೆಲ್ಲ ಅವಳು ಹಾರಿಸುತ್ತಿದ್ದಳು. ಬರೆದವನು ಅಂಬಿಗನನ್ನು ಓಡಿಸಿ, ಕೂರಿಸಿ, ಮತ್ತೆ ಓಡಿಸಿದ್ದ. ಕೂರಿಸಿದ್ದನ್ನೆಲ್ಲ ಇವಳು ಓದದೆ ಬಿಟ್ಟಿದ್ದಳು.

ಅಂಥದೊಂದು ಪುಟ ಈಗ ಬಂತು. ಗುಡ್ಡದ ಮೇಲೆ ಮುದುಕಿಯೊಬ್ಬಳು ಒದ್ದೆ ಕಟ್ಟಿಗೆ ಊದಿ ಊದಿ ಗಂಜಿ ಬೇಯಿಸುತ್ತಾಳೆ. ಆಸಿಯಾ ಒಂದಕ್ಷರ ಬಿಡದೆ ಓದಿದಳು.

"ಅಜ್ಜಿ ಸಾಕು, ಓಡುವಾ," ಎಂದಳು ಲೈಲಾ.

"ಬಾಯಿ ಮುಚ್ಚು," ಎಂದಳು ಬೀಫಾತುಮ್ಮ. "ಮಕ್ಕಳು ಹಸಿದ ಹೊಟ್ಟೆಯಲ್ಲಿ ಎಲ್ಲಿಗೆ ಓಡುದು? ಬೇಯಲಿ."

ಗಂಜಿ ಕುದಿಯಿತು. ಬೆರಳುಗಳು ಸಾವಧಾನಕ್ಕೆ ಬಂದವು; ಹೊಗೆಸೊಪ್ಪು ಹದವಾಗಿ ಕೂತಿತು, ನೂಲು ಬಿಗಿಯಿತು. ನೀರು ಗುಡ್ಡದ ಬುಡ ಮುಟ್ಟಿದಾಗ ಆಸಿಯಾಳ ದನಿ ಓಡಿತು, ಕೈಗಳೂ ಓಡಿದವು. ಬೀಡಿ ಸಡಿಲಾಗುವಷ್ಟರಲ್ಲಿ ಅಂಬಿಗ ಮತ್ತೆಲ್ಲೋ ಕೂತು ಉಸಿರು ತೆಗೆದುಕೊಂಡ.

ಸಂಜೆ ಪೋಕರ್ ಬೀಡಿಗಳನ್ನು ಒತ್ತಿದ. ನಂಬಿಕೆ ಬಾರದೆ ರಾಶಿಯ ಅಡಿಯಿಂದ ಎಳೆದು ಒತ್ತಿದ. ಅವೂ ಗಟ್ಟಿ.

"ಪುಸ್ತಕ ಬಿಟ್ಟದ್ದು ಒಳ್ಳೆಯದಾಯ್ತು."

"ಬಿಟ್ಟದ್ದು ಯಾರು?" ಬೀಫಾತುಮ್ಮ ಗದರಿದಳು. "ಇವತ್ತೇ ಸರಿಯಾಗಿ ಓದಿದ್ದು. ನಾಳೆಯೂ ಉಂಟು."